ಘೋಷಣೆಯಿಲ್ಲದ ಹೆಸರುಗಳು: ಹಳೆಯ ಪ್ರೋಗ್ರಾಮುಗಳ ತಪಾಸಣೆಯ ಕಥೆ

ಪಹಣಿಯಲ್ಲಿ ಒಂದು ಅಕ್ಷರ ತಪ್ಪಿದರೆ ಏನಾಗುತ್ತದೆ ಎಂಬುದನ್ನು ರೈತರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ‘ರಾಮಪ್ಪ’ ಎಂದಿರಬೇಕಾದ ಕಡೆ ‘ರಾಮಣ್ಣ’ ಎಂದು ಬಿದ್ದರೆ, ಊರಿಗೆಲ್ಲ ಗೊತ್ತಿರುವ ಒಬ್ಬನೇ ಮನುಷ್ಯ ದಾಖಲೆಯ ಮಟ್ಟಿಗೆ ಇಬ್ಬರಾಗಿಬಿಡುತ್ತಾನೆ. ಬರೆದವರು ಬೇಕೆಂದು ಮಾಡಿದ ತಪ್ಪಲ್ಲ ಅದು. ಆದರೆ ‘ಈ ರಾಮಣ್ಣ ಯಾರು, ಎಲ್ಲಿಂದ ಬಂದ?’ ಎಂದು ಪುಸ್ತಕ ತಿರುಗಿ ಕೇಳುವುದಿಲ್ಲ. ತಪ್ಪು ಬಯಲಾಗುವುದು ಎಷ್ಟೋ ವರ್ಷಗಳ ನಂತರ, ಸಾಲಕ್ಕೋ ಪಾಲಿಗೋ ಪಹಣಿ ತೆಗೆಸಿದಾಗ.

ಗಣಕಯಂತ್ರಗಳ ಚರಿತ್ರೆಯಲ್ಲೂ ಇಂಥದೇ ಒಂದು ತೊಡಕಿದೆ. ವಿಜ್ಞಾನದ ಲೆಕ್ಕಗಳಿಗಾಗಿ ಹುಟ್ಟಿದ ಫೋರ್ಟ್ರಾನ್ ಎಂಬ ಭಾಷೆಯಲ್ಲಿ, ಪ್ರೋಗ್ರಾಂ ಬರೆಯುವವನು ಯಾವ ಹೆಸರನ್ನೂ ಮೊದಲೇ ನೋಂದಾಯಿಸಬೇಕಾಗಿರಲಿಲ್ಲ. ಬರೆದ ಹೆಸರನ್ನೆಲ್ಲ ಯಂತ್ರ ನಂಬುತ್ತಿತ್ತು; ಕೈತಪ್ಪಿ ಬರೆದದ್ದನ್ನೂ ನಂಬುತ್ತಿತ್ತು. ಈ ಉದಾರತೆಯಿಂದ ನುಸುಳಿದ ತಪ್ಪುಗಳನ್ನು ಹುಡುಕಲು, ಪ್ರೋಗ್ರಾಮುಗಳನ್ನೇ ಓದಿ ಪರೀಕ್ಷಿಸುವ ಬೇರೆ ಪ್ರೋಗ್ರಾಮುಗಳನ್ನು ಬರೆಯಬೇಕಾಯಿತು. ಅರ್ಧ ಶತಮಾನಕ್ಕೂ ಮೀರಿದ ಈ ಕಥೆಗೆ ಇನ್ನೂ ಮುಕ್ತಾಯ ದೊರೆತಿಲ್ಲ.

ಮೊದಲ ಅಕ್ಷರವೇ ಗುರುತು

ಕಂಪ್ಯೂಟರಿನ ನೆನಪಿನಲ್ಲಿ ಸಂಖ್ಯೆಗಳನ್ನು ಇಡುವ ಜಾಗಗಳಿಗೆ ಹೆಸರು ಕೊಡುತ್ತಾರೆ. ಅಡುಗೆಮನೆಯ ಡಬ್ಬಿಗಳಿಗೆ ‘ಬೇಳೆ’, ‘ಸಕ್ಕರೆ’ ಎಂದು ಚೀಟಿ ಅಂಟಿಸಿದಂತೆ. ಒಳಗಿನ ಪದಾರ್ಥ ಬದಲಾಗುತ್ತಿರುವುದರಿಂದ ಇವಕ್ಕೆ ‘ವೇರಿಯಬಲ್’ ಅಥವಾ ‘ಚರ’ ಎಂದು ಹೆಸರು. ಡಬ್ಬಿಯಲ್ಲಿ ಇಡುವುದು 1, 2, 3ರಂಥ ಪೂರ್ಣಾಂಕವೋ, 3.14ರಂಥ ದಶಮಾಂಶ ಸಂಖ್ಯೆಯೋ ಎಂಬುದು ಯಂತ್ರಕ್ಕೆ ಮೊದಲೇ ತಿಳಿದಿರಬೇಕು. ಏಕೆಂದರೆ ಎರಡನ್ನೂ ಅದು ಬೇರೆ ಬೇರೆ ರೀತಿಯಲ್ಲಿ ಬರೆದಿಡುತ್ತದೆ. ‘ಇಂಥ ಹೆಸರಿನ ಚರ ಇದೆ, ಅದು ಇಂಥ ಜಾತಿಯದು’ ಎಂದು ಪ್ರೋಗ್ರಾಮಿನ ಆರಂಭದಲ್ಲೇ ಹೇಳುವುದಕ್ಕೆ ‘ಘೋಷಣೆ’ ಎನ್ನುತ್ತಾರೆ.

ಐಬಿಎಂ ಕಂಪನಿಯಲ್ಲಿ ಜಾನ್ ಬ್ಯಾಕಸ್ ನೇತೃತ್ವದ ಚಿಕ್ಕ ತಂಡವೊಂದು 1954ರಲ್ಲಿ ಕೆಲಸ ಆರಂಭಿಸಿ, 1957ರಲ್ಲಿ ಐಬಿಎಂ 704 ಯಂತ್ರಕ್ಕಾಗಿ ಫೋರ್ಟ್ರಾನ್ ಭಾಷೆಯನ್ನು ಹೊರತಂದಿತು. ಗಣಿತದ ಸೂತ್ರಗಳನ್ನು ಯಂತ್ರದ ಭಾಷೆಗೆ ಅನುವಾದಿಸುವುದು ಅದರ ಉದ್ದೇಶ. ಹೆಸರಿನ ಅರ್ಥವೂ ಅದೇ. ಈ ಮೊದಲ ಫೋರ್ಟ್ರಾನಿನಲ್ಲಿ ಚರ ಯಾವ ಜಾತಿಯದೆಂದು ಘೋಷಿಸುವ ಸೌಲಭ್ಯವೇ ಇರಲಿಲ್ಲ. ಹೆಸರಿನ ಮೊದಲ ಅಕ್ಷರವೇ ಗುರುತು. ಇಂಗ್ಲಿಷಿನ ಐ, ಜೆ, ಕೆ, ಎಲ್, ಎಂ, ಎನ್ – ಈ ಆರರಲ್ಲಿ ಯಾವುದಾದರೊಂದರಿಂದ ಆರಂಭವಾಗುವ ಹೆಸರು ಪೂರ್ಣಾಂಕ. ಉಳಿದದ್ದೆಲ್ಲ ದಶಮಾಂಶ ಅಥವಾ ‘ರಿಯಲ್’. ಸಾಲುಗಳನ್ನು ಎಣಿಸುವಾಗ ಐ, ಜೆ, ಕೆ, ಎನ್ ಅಕ್ಷರಗಳನ್ನು ಬಳಸುವುದು ಗಣಿತಜ್ಞರ ಹಳೆಯ ರೂಢಿ. ಭಾಷೆ ಆ ರೂಢಿಯನ್ನೇ ನಿಯಮವಾಗಿಸಿತು. ಹೆಸರಿನ ಉದ್ದ ಆರು ಅಕ್ಷರ ಮೀರುವಂತಿರಲಿಲ್ಲ. 704 ಯಂತ್ರದ ನೆನಪಿನ ಒಂದು ಮನೆಯಲ್ಲಿ ಹಿಡಿಯುತ್ತಿದ್ದದ್ದೂ ಆರೇ ಅಕ್ಷರ.

ಇಂಗ್ಲಿಷ್ ಬಲ್ಲ ಪ್ರೋಗ್ರಾಂ ಬರಹಗಾರರಲ್ಲಿ ಇದರ ಸುತ್ತ ಒಂದು ನಗೆಮಾತೇ ಹುಟ್ಟಿಕೊಂಡಿತು: ‘ಗಾಡ್ ಈಸ್ ರಿಯಲ್, ಇಂಟಿಜರ್ ಎಂದು ಘೋಷಿಸದ ಹೊರತು.’ ‘ಗಾಡ್’ ಎಂಬುದು ಜಿ ಅಕ್ಷರದಿಂದ ಆರಂಭವಾಗುವುದರಿಂದ ಫೋರ್ಟ್ರಾನ್ ಲೆಕ್ಕದಲ್ಲಿ ದೇವರು ‘ರಿಯಲ್’, ಅಂದರೆ ನಿಜ!

ಇಂದು ವಿಚಿತ್ರವಾಗಿ ಕಾಣುವ ಈ ನಿಯಮ ಅಂದಿನ ಕಾಲಕ್ಕೆ ವಿವೇಕದ್ದೇ ಆಗಿತ್ತು. ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಒಂದೊಂದು ರಟ್ಟಿನ ಕಾರ್ಡಿನ ಮೇಲೆ ತೂತು ಹೊಡೆದು ದಾಖಲಿಸಬೇಕಾಗಿತ್ತು. ಕಾರ್ಡಿನ ಕಟ್ಟನ್ನು ಯಂತ್ರದ ಕೋಣೆಗೆ ಒಪ್ಪಿಸಿ, ಫಲಿತಾಂಶಕ್ಕಾಗಿ ಗಂಟೆಗಟ್ಟಲೆ ಕಾಯಬೇಕಾಗಿತ್ತು. ನಾಲ್ಕು ಕಾರ್ಡು ಉಳಿದರೆ ನಾಲ್ಕು ತಪ್ಪು ಉಳಿದ ಹಾಗೆ. ಇಪ್ಪತ್ತು ಮೂವತ್ತು ಸಾಲಿನ ಲೆಕ್ಕಕ್ಕೆ ಎಲ್ಲ ಹೆಸರುಗಳ ಪಟ್ಟಿ ಕೊಡುವುದು ವ್ಯರ್ಥ ಶ್ರಮವೆನಿಸಿದ್ದರೆ ಆಶ್ಚರ್ಯವಿಲ್ಲ. ಆ ಪ್ರೋಗ್ರಾಮುಗಳು ಬೆಳೆದು ಹತ್ತಾರು ಸಾವಿರ ಸಾಲುಗಳಾದಾವೆಂದಾಗಲೀ, ಬರೆದವರು ನಿವೃತ್ತರಾದ ಮೇಲೂ ಓಡುತ್ತಿರುತ್ತವೆ ಎಂದಾಗಲೀ ಅಂದು ಯಾರು ಊಹಿಸಬಲ್ಲವರಾಗಿದ್ದರು?

ಅಲ್ಪವಿರಾಮ ಹೋಗಿ ಚುಕ್ಕೆ ಬಂತು

ಫೋರ್ಟ್ರಾನಿಗೆ ಇನ್ನೊಂದು ಸ್ವಭಾವವಿತ್ತು: ಪದಗಳ ನಡುವಿನ ಖಾಲಿ ಜಾಗವನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಈ ಎರಡು ಸ್ವಭಾವಗಳು ಕೂಡಿದಾಗ ಆಗುವ ಅನಾಹುತಕ್ಕೆ ಬಹು ಪ್ರಸಿದ್ಧ ಉದಾಹರಣೆಯೊಂದಿದೆ. ‘ಡೂ 10 ಐ = 1,10’ ಎಂದು ಬರೆದರೆ, ‘10ನೆಯ ಗುರುತಿನವರೆಗಿನ ಸಾಲುಗಳನ್ನು, ಐ ಎಂಬ ಚರದ ಬೆಲೆ ಒಂದರಿಂದ ಹತ್ತರವರೆಗೆ ಏರುವಂತೆ ಹತ್ತು ಬಾರಿ ಮಾಡು’ ಎಂದರ್ಥ. ಅಲ್ಪವಿರಾಮದ ಜಾಗದಲ್ಲಿ ಚುಕ್ಕೆ ಬಿದ್ದು ‘1.10’ ಆಯಿತೆನ್ನಿ. ಖಾಲಿ ಜಾಗ ಲೆಕ್ಕಕ್ಕಿಲ್ಲವಾದ್ದರಿಂದ ಯಂತ್ರ ಅದನ್ನು ‘ಡೂ10ಐ’ ಎಂಬ ಹೊಸ ಚರಕ್ಕೆ 1.10 ಎಂಬ ಬೆಲೆ ಕೊಡುವ ಆಜ್ಞೆಯೆಂದು ಓದುತ್ತದೆ. ಹೆಸರು ಡಿ ಅಕ್ಷರದಿಂದ ಆರಂಭವಾಗಿದೆ, ಆದ್ದರಿಂದ ದಶಮಾಂಶ. ಯಾವ ನಿಯಮವೂ ಮುರಿದಿಲ್ಲ. ಹತ್ತು ಬಾರಿ ಆಗಬೇಕಾದ ಲೆಕ್ಕ ಒಂದೇ ಬಾರಿ ಆಗಿ ಮುಗಿಯುತ್ತದೆ. ಯಂತ್ರ ತುಟಿ ಪಿಟಕ್ಕೆನ್ನುವುದಿಲ್ಲ.

ಇದು ಕಲ್ಪನೆಯ ಉದಾಹರಣೆಯಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಮರ್ಕ್ಯುರಿ ಯೋಜನೆಯಲ್ಲಿ ಕಕ್ಷೆ ಲೆಕ್ಕ ಹಾಕಲು ಬಳಸುತ್ತಿದ್ದ ಪ್ರೋಗ್ರಾಮೊಂದರಲ್ಲಿ ಇಂಥದೇ ಚುಕ್ಕೆ ಸಿಕ್ಕಿತು. ಮೇಲಕ್ಕೆ ಹೋಗಿ ಹಾಗೆಯೇ ಇಳಿಯುವ ಚಿಕ್ಕ ಹಾರಾಟಗಳಿಗೆ ಅದರ ಉತ್ತರ ಸಾಕಷ್ಟು ಸರಿಯಾಗಿಯೇ ಇತ್ತು. ಭೂಮಿಯನ್ನು ಸುತ್ತುವ ಹಾರಾಟಗಳಿಗೆ ಬೇಕಾದಷ್ಟು ನಿಖರತೆ ಏಕೆ ಬರುತ್ತಿಲ್ಲ ಎಂದು ಕೆದಕಿದಾಗ ತಪ್ಪು ಹೊರಬಿತ್ತು. ಅದೃಷ್ಟಕ್ಕೆ, ಅಪಾಯವಾಗುವ ಮೊದಲೇ.

ಈ ಚುಕ್ಕೆಯನ್ನು ಇನ್ನೊಂದು ನಿಜವಾದ ದುರಂತಕ್ಕೆ ಜೋಡಿಸಿ ಹೇಳುವ ಕಥೆ ಎಷ್ಟೋ ಪಠ್ಯಪುಸ್ತಕಗಳಲ್ಲಿ ಸೇರಿಕೊಂಡಿದೆ. 1962ರ ಜುಲೈ 22ರಂದು ಶುಕ್ರಗ್ರಹದತ್ತ ಹೊರಟ ಮ್ಯಾರಿನರ್-1 ನೌಕೆ ದಾರಿ ತಪ್ಪಿತು. ಹಾರಿದ ಐದು ನಿಮಿಷದೊಳಗೆ ಅದನ್ನು ನೆಲದಿಂದಲೇ ಆಜ್ಞೆ ಕೊಟ್ಟು ನಾಶಪಡಿಸಬೇಕಾಯಿತು. ಆದರೆ ಅದಕ್ಕೆ ಕಾರಣ ಫೋರ್ಟ್ರಾನಿನ ಚುಕ್ಕೆಯಲ್ಲ. ಕೈಬರಹದ ಸಮೀಕರಣದಲ್ಲಿ ಒಂದು ಅಕ್ಷರದ ತಲೆಯ ಮೇಲಿದ್ದ ಅಡ್ಡಗೆರೆ, ಅದನ್ನು ಪ್ರೋಗ್ರಾಮಿಗೆ ಇಳಿಸುವಾಗ ಬಿಟ್ಟುಹೋಗಿತ್ತು. ರೇಡಾರ್ ಸಂಪರ್ಕದ ತೊಂದರೆಯೂ ಜೊತೆಗೆ ಸೇರಿಕೊಂಡಿತು. ಎರಡೂ ಕಣ್ಣಿಗೆ ಬೀಳದಷ್ಟು ಚಿಕ್ಕ ಗುರುತಿನ ತಪ್ಪುಗಳಾದ್ದರಿಂದ ಜನರ ನೆನಪಿನಲ್ಲಿ ಒಂದರೊಳಗೊಂದು ಬೆರೆತುಹೋದವು.

ಹೊಸ ಹೆಸರು ಹುಟ್ಟಿಕೊಳ್ಳಲು ಇನ್ನೂ ಹಲವು ದಾರಿಗಳಿದ್ದವು. ಅಕ್ಷರ ಹಿಂದುಮುಂದಾಗಿ ‘ಟೋಟಲ್’ ಎಂಬುದು ‘ಟೋಟ್ಲಾ’ ಆಗಬಹುದು. ಇಂಗ್ಲಿಷಿನ ‘ಓ’ ಅಕ್ಷರದ ಬದಲು ಸೊನ್ನೆ ಬೀಳಬಹುದು. ಕಾರ್ಡಿನಲ್ಲಿ 80 ಕಂಬಸಾಲುಗಳಿದ್ದರೂ ಫೋರ್ಟ್ರಾನ್ ಆಜ್ಞೆಗೆ ಮೀಸಲಾದದ್ದು 7ರಿಂದ 72ರವರೆಗೆ ಮಾತ್ರ. ಸಾಲು ಉದ್ದವಾಗಿ 72ನ್ನು ದಾಟಿದರೆ ಬಾಲವನ್ನು ಯಂತ್ರ ಓದುತ್ತಲೇ ಇರಲಿಲ್ಲ. ಕೊನೆಯ ಹೆಸರಿನ ಎರಡಕ್ಷರ ಹಾಗೆ ಕತ್ತರಿಸಿಹೋದರೆ, ಉಳಿದ ಮೊಂಡು ಹೆಸರೇ ಒಂದು ಹೊಸ ಚರ. ಹೀಗೆ ಹುಟ್ಟಿದ ಡಬ್ಬಿಯೊಳಗೆ ಏನಿರುತ್ತದೆ? ಕೆಲವು ಯಂತ್ರಗಳಲ್ಲಿ ಸೊನ್ನೆ, ಕೆಲವದರಲ್ಲಿ ಹಿಂದಿನ ಲೆಕ್ಕದವರು ಬಿಟ್ಟುಹೋದ ಕಸ. ಆದ್ದರಿಂದಲೇ ಒಂದು ಯಂತ್ರದಲ್ಲಿ ವರ್ಷಗಟ್ಟಲೆ ಸರಿಯಾಗಿ ಓಡಿದಂತೆ ಕಂಡ ಪ್ರೋಗ್ರಾಂ, ಬೇರೆ ಯಂತ್ರಕ್ಕೆ ಸಾಗಿಸಿದ ದಿನವೇ ಬೇರೆ ಉತ್ತರ ಕೊಡುತ್ತಿತ್ತು.

ಓದುವ ಪ್ರೋಗ್ರಾಮುಗಳು

ಎಲ್ಲ ಭಾಷೆಗಳೂ ಹೀಗಿರಲಿಲ್ಲ. 1960ರಲ್ಲಿ ಪ್ರಕಟವಾದ ಆಲ್ಗಾಲ್ ಭಾಷೆ, ಪ್ರತಿಯೊಂದು ಚರವನ್ನೂ ಘೋಷಿಸಲೇಬೇಕೆಂದು ವಿಧಿಸಿತು. ಅದೇ ಕಾಲದ, ವ್ಯಾಪಾರ ವ್ಯವಹಾರಗಳ ಭಾಷೆಯಾದ ಕೋಬಾಲಿನಲ್ಲಿ ಘೋಷಣೆಗಳಿಗೆಂದೇ ಒಂದು ಪ್ರತ್ಯೇಕ ಅಧ್ಯಾಯವಿತ್ತು. ಫೋರ್ಟ್ರಾನಿಗೂ 1960ರ ದಶಕದಲ್ಲಿ ಘೋಷಣೆಯ ಸೌಲಭ್ಯ ಬಂತು. ಆದರೆ ಬಂದದ್ದು ಸೌಲಭ್ಯ, ಕಡ್ಡಾಯವಲ್ಲ. ಕಡ್ಡಾಯ ಮಾಡಿದರೆ ಆಗಲೇ ಬರೆದಿಟ್ಟಿದ್ದ ಸಾವಿರಾರು ಪ್ರೋಗ್ರಾಮುಗಳು ಒಂದೇ ದಿನದಲ್ಲಿ ನಿಂತುಹೋಗುತ್ತಿದ್ದವು.

ಭಾಷೆ ಕೇಳದ ಪ್ರಶ್ನೆಯನ್ನು ಕೇಳುವ ಕೆಲಸ ಹೀಗೆ ಹೊರಗಿನ ಸಾಧನಗಳ ಪಾಲಿಗೆ ಬಂತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಬಾರ್ಬರಾ ರೈಡರ್ 1974ರಲ್ಲಿ ‘ಪಿಫೋರ್ಟ್ ವೆರಿಫೈಯರ್’ ಎಂಬ ಸಾಧನದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಫೋರ್ಟ್ರಾನ್ ಪ್ರೋಗ್ರಾಂ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸಲು ಯೋಗ್ಯವೇ ಎಂದು ಅದು ಪರೀಕ್ಷಿಸುತ್ತಿತ್ತು. ಅದರ ವಿಶೇಷವೆಂದರೆ ಇಡೀ ಪ್ರೋಗ್ರಾಮನ್ನು ಒಟ್ಟಿಗೆ ಓದುತ್ತಿದ್ದುದು. ಆ ಕಾಲದ ಕಂಪೈಲರ್, ಅಂದರೆ ಪ್ರೋಗ್ರಾಮನ್ನು ಯಂತ್ರಭಾಷೆಗೆ ಅನುವಾದಿಸುವ ತಂತ್ರಾಂಶ, ಪ್ರೋಗ್ರಾಮಿನ ಒಂದೊಂದು ತುಂಡನ್ನೂ ಬೇರೆ ಬೇರೆಯಾಗಿ ನೋಡುತ್ತಿತ್ತು. ಒಂದು ತುಂಡು ಪೂರ್ಣಾಂಕವನ್ನು ಕಳಿಸಿ, ಇನ್ನೊಂದು ಅದನ್ನು ದಶಮಾಂಶವೆಂದು ತಿಳಿದು ತೆಗೆದುಕೊಂಡರೆ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಎರಡು ಊರಿನ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡದ ಗುಮಾಸ್ತನಂತೆ.

ಕೊಲೊರಾಡೊ ವಿಶ್ವವಿದ್ಯಾಲಯದ ಲಿಯಾನ್ ಆಸ್ಟರ್‌ವೈಲ್ ಮತ್ತು ಲಾಯ್ಡ್ ಫಾಸ್ಡಿಕ್ 1976ರಲ್ಲಿ ವಿವರಿಸಿದ ‘ಡೇವ್’ ಎಂಬ ಸಾಧನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪ್ರತಿಯೊಂದು ಚರದ ಜಾಡನ್ನೂ ಅದು ಹಿಡಿದು ಹೋಗುತ್ತಿತ್ತು. ಬೆಲೆ ಕೊಡುವ ಮೊದಲೇ ಬಳಸಿದ ಚರ ಯಾವುದು? ಬೆಲೆ ಕೊಟ್ಟು ಮತ್ತೆಲ್ಲೂ ಬಳಸದ ಚರ ಯಾವುದು? ಈ ಎರಡು ಪ್ರಶ್ನೆಗಳಲ್ಲೇ ಅಡಗಿದೆ ತಪಾಸಣೆಯ ಮರ್ಮ. ‘ಟೋಟಲ್’ ಎಂಬುದಕ್ಕೆ ಸೇರಬೇಕಾದ ಮೊತ್ತ ಕೈತಪ್ಪಿ ‘ಟೋಟ್ಲಾ’ಗೆ ಸೇರಿದರೆ, ‘ಟೋಟ್ಲಾ’ಗೆ ಬೆಲೆ ಬಂದಿದೆ, ಬಳಕೆಯಿಲ್ಲ, ‘ಟೋಟಲ್’ಗೆ ಬಳಕೆಯಿದೆ, ಬೆಲೆ ಬಂದಿಲ್ಲ. ಕಂದಾಯ ಕಟ್ಟುವ, ಆದರೆ ಜಮೀನಿಲ್ಲದ ರಾಮಣ್ಣ. ಜಮೀನಿರುವ, ಆದರೆ ಕಂದಾಯ ಕಟ್ಟದ ರಾಮಪ್ಪ. ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ನೋಡಿದರೆ ಸಂಶಯ ಬಾರದಿರದು.

ಇದೇ ಬಗೆಯ ಸಾಧನಗಳ ಪೈಕಿ ಹೆಚ್ಚು ಹೆಸರು ಮಾಡಿದ್ದು ‘ಲಿಂಟ್’. ಸಿ ಭಾಷೆಯ ಪ್ರೋಗ್ರಾಮುಗಳಿಗಾಗಿ ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ 1978ರ ಸುಮಾರಿಗೆ ರೂಪಿಸಿದ್ದು. ಬಟ್ಟೆಗೆ ಅಂಟಿಕೊಳ್ಳುವ ನೂಲಿನ ಚೂರುಗಳಿಗೆ ಇಂಗ್ಲಿಷಿನಲ್ಲಿ ಲಿಂಟ್ ಎನ್ನುತ್ತಾರೆ. ಬಟ್ಟೆ ಹಾಳಾಗಿಲ್ಲ, ಆದರೆ ಕೊಡವಿಕೊಳ್ಳುವುದು ಒಳ್ಳೆಯದು. ಮುಂದೆ ‘ಫೋರ್ಟ್ರಾನಿಗೂ ಒಂದು ಲಿಂಟ್’ ಎಂಬಂತೆ ನ್ಯೂಯಾರ್ಕಿನ ಫೋರ್ಡ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ‘ಎಫ್‌ಟಿಎನ್‌ಚೆಕ್’ ಎಂಬ ಸಾಧನ ತಯಾರಾಗಿ ಉಚಿತವಾಗಿ ಹಂಚಿಕೆಯಾಯಿತು. ಘೋಷಿಸದ ಹೆಸರುಗಳು, 72ನೆಯ ಕಂಬಸಾಲು ದಾಟಿದ ಸಾಲುಗಳು, ಮೊದಲ ಆರಕ್ಷರ ಒಂದೇ ಆಗಿದ್ದು ಮುಂದೆ ಬೇರೆಯಾಗುವ ಹೆಸರುಗಳು – ಇವನ್ನೆಲ್ಲ ಅದು ಹೆಕ್ಕಿ ತೋರಿಸುತ್ತಿತ್ತು.

ಸುಳ್ಳು ಹೆಸರಿಗೂ ದಾಖಲೆ

ಭಾಷೆಯೊಳಗೂ ಒಂದು ಬೀಗ ಸಿದ್ಧವಾಯಿತು. ಅಮೆರಿಕದ ರಕ್ಷಣಾ ಇಲಾಖೆ 1978ರಲ್ಲಿ ಹೊರಡಿಸಿದ ಪ್ರಮಾಣವೊಂದು ‘ಇಂಪ್ಲಿಸಿಟ್ ನನ್’ ಎಂಬ ಎರಡು ಪದದ ಆಜ್ಞೆಯನ್ನು ಸೇರಿಸಿತು. ‘ಹೇಳದೆ ಬಂದ ಯಾವ ಹೆಸರನ್ನೂ ಒಪ್ಪಬೇಡ’ ಎಂದು ಅದರ ತಾತ್ಪರ್ಯ. ಫೋರ್ಟ್ರಾನ್-90ರಲ್ಲಿ ಅದು ಅಧಿಕೃತವಾಗಿ ಭಾಷೆಗೆ ಸೇರಿತು. ಹೊಸದಾಗಿ ಬರೆಯುವವರು ಈ ಸಾಲನ್ನು ಮೊದಲು ಬರೆದೇ ಮುಂದಿನದಕ್ಕೆ ಹೋಗಬೇಕೆಂದು ಮೇಷ್ಟರುಗಳು ಕಲಿಸತೊಡಗಿದರು. ಆದರೆ ಬೀಗ ಹಾಕಿಕೊಳ್ಳುವುದು ಮನೆಯವರ ಇಷ್ಟಕ್ಕೇ ಬಿಟ್ಟದ್ದು. 2023ರ ಫೋರ್ಟ್ರಾನ್ ಪ್ರಮಾಣದಲ್ಲೂ, ಈ ಸಾಲು ಇಲ್ಲದಿದ್ದರೆ 1957ರ ಮೊದಲಕ್ಷರದ ನಿಯಮವೇ ಅನ್ವಯ.

ಹಳೆಯ ಪ್ರೋಗ್ರಾಮಿಗೆ ಈ ಬೀಗ ಹಾಕುವುದು ಹೊಸದಕ್ಕೆ ಹಾಕಿದಷ್ಟು ಸುಲಭವಲ್ಲ. ಘೋಷಣೆಯೇ ಇಲ್ಲದ ಸಾವಿರ ಚರಗಳಿರುವ ಪ್ರೋಗ್ರಾಮಿನ ತಲೆಗೆ ‘ಇಂಪ್ಲಿಸಿಟ್ ನನ್’ ಎಂದು ಬರೆದರೆ ಕಂಪೈಲರ್ ಸಾವಿರ ಚರಗಳ ಬಗ್ಗೆಯೂ ದೂರು ಹೇಳುತ್ತದೆ. ಅವುಗಳಲ್ಲಿ ಒಂದೆರಡು ಮಾತ್ರ ನಿಜವಾದ ತಪ್ಪಾಗಿರಬಹುದು. ಉಳಿದವೆಲ್ಲ ಹಳೆಯ ಕಾಲದ ಸಾಚಾ ಹೆಸರುಗಳು. ಸಾವಿರ ಘೋಷಣೆಗಳನ್ನು ಕೈಯಲ್ಲಿ ಬರೆಯುವವರು ಯಾರು? ಈ ಶ್ರಮ ತಪ್ಪಿಸಲು ಎಫ್‌ಟಿಎನ್‌ಚೆಕ್‌ನಂಥ ಸಾಧನಗಳು ಪ್ರೋಗ್ರಾಮನ್ನು ಓದಿ, ಎಲ್ಲ ಚರಗಳ ಘೋಷಣೆಗಳನ್ನೂ ತಾವೇ ಬರೆದುಕೊಡುವ ಏರ್ಪಾಡು ಮಾಡಿದವು.

ಇಲ್ಲೇ ಒಂದು ಸೂಕ್ಷ್ಮವಿದೆ. ಸಾಧನ ಬರೆದುಕೊಡುವ ಪಟ್ಟಿಯಲ್ಲಿ ‘ಟೋಟಲ್’ ಇರುತ್ತದೆ, ‘ಟೋಟ್ಲಾ’ ಕೂಡ ಇರುತ್ತದೆ. ಚುಕ್ಕೆಯಿಂದ ಹುಟ್ಟಿದ ‘ಡೂ10ಐ’ ಎಂಬುದಕ್ಕೂ ‘ದಶಮಾಂಶ ಚರ’ ಎಂಬ ಮರ್ಯಾದಸ್ಥ ಘೋಷಣೆ ದೊರೆಯುತ್ತದೆ. ಆ ಪಟ್ಟಿಯನ್ನು ಹಾಗೆಯೇ ಅಂಟಿಸಿದರೆ ಕಂಪೈಲರ್ ತೃಪ್ತಿಯಿಂದ ಸುಮ್ಮನಾಗುತ್ತದೆ. ತಪ್ಪು ಮಾತ್ರ ಉಳಿದಿದೆ. ಅಷ್ಟೇ ಅಲ್ಲ, ಈಗ ಅದಕ್ಕೆ ದಾಖಲೆಯೂ ಇದೆ. ಇಲ್ಲದ ರಾಮಣ್ಣನ ಹೆಸರಿಗೆ ಪಹಣಿ ಮಾಡಿಕೊಟ್ಟ ಹಾಗೆ. ಆದ್ದರಿಂದ ಈ ಸಾಧನಗಳ ನಿಜವಾದ ಉಪಯೋಗವಿದ್ದದ್ದು ಪಟ್ಟಿ ಮಾಡುವುದರಲ್ಲಿ. ಪಟ್ಟಿಯನ್ನು ಒಬ್ಬ ಮನುಷ್ಯ, ಲೆಕ್ಕದ ಅರ್ಥ ಬಲ್ಲವನು, ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದಬೇಕಾಗಿತ್ತು. ‘ಇದು ನಮ್ಮದು, ಇದು ಯಾರದು?’ ಎಂಬ ಪ್ರಶ್ನೆಗೆ ಉತ್ತರ ಯಂತ್ರದಲ್ಲಿ ಇರಲಿಲ್ಲ.

ಒಂಬತ್ತು ಲೆಕ್ಕ, ಒಂಬತ್ತು ಉತ್ತರ

ಇಷ್ಟೆಲ್ಲ ಸೂಕ್ಷ್ಮ ಬೇಕೇ ಎಂದು ಕೇಳುವವರಿಗೆ ಲೆಸ್ ಹ್ಯಾಟನ್ ಮತ್ತು ಆಂಡಿ ರಾಬರ್ಟ್ಸ್ 1994ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಡುತ್ತದೆ. ನೆಲದೊಳಗೆ ಕಂಪನ ಕಳಿಸಿ, ಮರಳಿ ಬಂದ ಅಲೆಗಳಿಂದ ಭೂಮಿಯ ಪದರಗಳ ಚಿತ್ರ ಬಿಡಿಸುವ ಪ್ರೋಗ್ರಾಮುಗಳು ತೈಲ ಹುಡುಕುವವರಿಗೆ ಬೇಕು. ಬೇರೆ ಬೇರೆಯಾಗಿ ತಯಾರಾದ, ಒಂದೇ ಭಾಷೆಯಲ್ಲಿ ಬರೆದ ಇಂಥ ಒಂಬತ್ತು ಪ್ರೋಗ್ರಾಂ ಸಮೂಹಗಳಿಗೆ ಅವರು ಒಂದೇ ಮಾಹಿತಿಯನ್ನು ಕೊಟ್ಟು, ಒಂದೇ ಸೂತ್ರಗಳಿಂದ ಲೆಕ್ಕ ಹಾಕಿಸಿದರು. ಉತ್ತರಗಳು ಒಂದೇ ಆಗಿರಬೇಕಿತ್ತು, ಆಗಲಿಲ್ಲ. ಸರಾಸರಿ ಪ್ರತಿ 4000 ಸಾಲಿಗೆ ಸುಮಾರು ಶೇಕಡ 1ರಂತೆ ವ್ಯತ್ಯಾಸ ಬೆಳೆಯುತ್ತ ಹೋಗಿತ್ತು. ಇದಕ್ಕೆಲ್ಲ ಘೋಷಿಸದ ಹೆಸರುಗಳೇ ಕಾರಣವೆಂದಲ್ಲ. ತಪ್ಪಿನ ಬಗೆಗಳು ಹಲವು. ಆದರೆ ಪ್ರೋಗ್ರಾಂ ನಿಲ್ಲದೆ ಓಡುತ್ತದೆ, ನೋಡಲು ಸರಿಯೆನಿಸುವ ಉತ್ತರ ಕೊಡುತ್ತದೆ ಎಂದ ಮಾತ್ರಕ್ಕೆ ಲೆಕ್ಕ ಸರಿಯಾಗಿದೆ ಎನ್ನಲಾಗದು ಎಂಬುದನ್ನು ಅದು ಅಂಕಿಸಂಖ್ಯೆಯಲ್ಲಿ ತೋರಿಸಿತು. ಬಾವಿ ಕೊರೆಯುವ ತೀರ್ಮಾನ ನಿಂತಿರುವುದು ಅಂಥ ಉತ್ತರಗಳ ಮೇಲೆಯೇ.

ಭಾರತದಲ್ಲೂ ಫೋರ್ಟ್ರಾನ್ ಒಂದಿಡೀ ಪೀಳಿಗೆಯ ಮೊದಲ ಕಂಪ್ಯೂಟರ್ ಭಾಷೆ. ಕಾನ್ಪುರದ ಐಐಟಿಗೆ 1963ರಲ್ಲಿ ಐಬಿಎಂ 1620 ಯಂತ್ರ ಬಂದಾಗ ವಿದ್ಯಾರ್ಥಿಗಳು ಕಲಿತದ್ದು ಇದನ್ನೇ. ಅಲ್ಲಿ ಪಾಠ ಹೇಳಿದ ವಿ. ರಾಜಾರಾಮನ್ ಮುಂದೆ 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರು ಬರೆದ ಅಗ್ಗದ ಬೆಲೆಯ ಫೋರ್ಟ್ರಾನ್ ಪಠ್ಯಪುಸ್ತಕಗಳು ದೇಶದ ಎಂಜಿನಿಯರಿಂಗ್ ಕಾಲೇಜುಗಳಲ್ಲೆಲ್ಲ ಓದಿಸಿಕೊಂಡವು.

1990ರ ದಶಕದ ಕೊನೆಯಲ್ಲಿ ಬೆಂಗಳೂರಿಗೆ ಹಳೆಯ ಪ್ರೋಗ್ರಾಮುಗಳನ್ನು ಓದುವ ದೊಡ್ಡ ಕೆಲಸವೇ ಬಂತು. ಅದು ಹೆಚ್ಚಾಗಿ ಕೋಬಾಲಿನದು. ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟಿದ್ದ ಪಾಶ್ಚಾತ್ಯ ದೇಶಗಳ ಬ್ಯಾಂಕು, ವಿಮೆ ಕಂಪನಿಗಳ ಪ್ರೋಗ್ರಾಮುಗಳು 2000ನೆಯ ಇಸವಿಯನ್ನು 1900 ಎಂದು ತಿಳಿಯುವ ಭಯ ಎದುರಾಗಿತ್ತು. ಕೋಬಾಲಿನಲ್ಲಿ ಘೋಷಣೆ ಕಡ್ಡಾಯವಾದ್ದರಿಂದ ಹುಡುಕಾಟಕ್ಕೆ ಒಂದು ಹಿಡಿ ಇತ್ತು. ಇಸವಿ ಇಟ್ಟುಕೊಳ್ಳುವ ಚರಗಳನ್ನು ಘೋಷಣೆಗಳಲ್ಲಿ ಗುರುತಿಸಿ, ಅಲ್ಲಿಂದ ಬೆಲೆ ಹರಿದುಹೋದ ಪ್ರತಿಯೊಂದು ಚರವನ್ನೂ ಬೆನ್ನಟ್ಟುವ ಸಾಧನಗಳು ತಯಾರಾದವು. ಇಲ್ಲೂ ಸಾಧನ ಕೊಟ್ಟದ್ದು ಸಂಶಯದ ಪಟ್ಟಿ. ಇಸವಿಗೆ ‘ವರ್ಷ’ ಎಂಬ ಹೆಸರೇ ಇಡದೆ ಯಾವುದೋ ಮೂರಕ್ಷರದ ಸಂಕ್ಷೇಪ ಇಟ್ಟವರಿದ್ದರು. ಆ ಮೂರಕ್ಷರದ ಅರ್ಥ ಬಿಡಿಸಿದವರು ರಾತ್ರಿ ಪಾಳಿಯಲ್ಲಿ ಕುಳಿತ ತರುಣ ತರುಣಿಯರು. ಭಾರತದ ತಂತ್ರಾಂಶ ಉದ್ಯಮಕ್ಕೆ ಹೊರದೇಶಗಳಲ್ಲಿ ನಂಬಿಕೆ ಗಳಿಸಿಕೊಟ್ಟ ಕೆಲಸಗಳಲ್ಲಿ ಇದೂ ಒಂದು.

ಮುಗಿಯದ ವಿಚಾರಣೆ

ಹಳೆಯ ಫೋರ್ಟ್ರಾನ್ ಸತ್ತಿಲ್ಲ. 1992ರಲ್ಲಿ ಮೊದಲು ಬಿಡುಗಡೆಯಾದ ‘ಲಾಪ್ಯಾಕ್’ ಎಂಬ ಗಣಿತ ಭಂಡಾರ ಇಂದಿಗೂ ಲೋಕದ ಎಷ್ಟೋ ವೈಜ್ಞಾನಿಕ ಲೆಕ್ಕಗಳ ತಳದಲ್ಲಿದೆ. ಹವಾಮಾನ ಮುನ್ಸೂಚನೆಯ ಹಲವು ಪ್ರಮುಖ ಮಾದರಿಗಳು ಫೋರ್ಟ್ರಾನಿನಲ್ಲೇ ಓಡುತ್ತವೆ. ಪೆರ್ಲ್, ವಿಷುಯಲ್ ಬೇಸಿಕ್, ಜಾವಾಸ್ಕ್ರಿಪ್ಟ್‌ನಂಥ ನಂತರದ ಭಾಷೆಗಳೂ ಮೊದಲು ಘೋಷಣೆಯಿಲ್ಲದ ಹೆಸರುಗಳನ್ನು ಉದಾರವಾಗಿ ಒಪ್ಪಿಕೊಂಡು, ಆಮೇಲೆ ‘ಕಟ್ಟುನಿಟ್ಟು’ ಎಂಬ ಬೀಗವನ್ನು ಐಚ್ಛಿಕವಾಗಿ ಸೇರಿಸಿಕೊಂಡವು. ಈಗ ಶಾಲಾ ಮಕ್ಕಳೂ ಕಲಿಯುವ ಪೈಥಾನಿನಲ್ಲೂ ಹೆಸರು ಬರೆದು ಬೆಲೆ ಕೊಟ್ಟರೆ ಸಾಕು, ಚರ ಹುಟ್ಟುತ್ತದೆ. ಕಾಗುಣಿತ ತಪ್ಪಿದರೂ ಹುಟ್ಟುತ್ತದೆ. ಅದಕ್ಕೂ ಲಿಂಟ್ ವಂಶದ ಸಾಧನಗಳಿವೆ.

ಬರೆಯುವವನ ಅನುಕೂಲವೂ ಓದುವವನ ಭರವಸೆಯೂ ಒಂದೇ ಅಲ್ಲ. ಘೋಷಣೆ ಬರೆಯುವ ನಾಲ್ಕು ಸಾಲಿನ ಶ್ರಮ ಉಳಿಸಿದವರು 1957ರವರು. ಆ ಸಾಲುಗಳನ್ನು ಹುಡುಕಿ ಬರೆದವರು ಅವರ ಮೊಮ್ಮಕ್ಕಳ ವಯಸ್ಸಿನವರು. ಮೊದಲಿನವರನ್ನು ದೂರಿ ಫಲವಿಲ್ಲ. ಅವರ ಎದುರಿಗಿದ್ದದ್ದು ಕಾರ್ಡಿನ ಕಟ್ಟು ಮತ್ತು ಕಾಯುವ ಸರದಿ. ಆದರೆ ಹಳೆಯ ಪ್ರೋಗ್ರಾಮೊಂದನ್ನು ತೆರೆದು, ಸಾಧನ ಕೊಟ್ಟ ಹೆಸರುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ‘ಈ ರಾಮಣ್ಣ ಯಾರು?’ ಎಂದು ಕೇಳುವವರೊಬ್ಬರು ಇಂದಿಗೂ ಬೇಕು.